ತಮ್ಮನನ್ನು ಮತ್ತೆ ಒಳಗೆ ಹಾಕಿದ್ದಾರೆ, ಅಪೀಲು ಮಾಡಬಹುದಾ?

ಪ್ರಶ್ನೆ: ನನ್ನ ತಮ್ಮ ಬಹಳ ವರ್ಷಗಳಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ, ಅಲ್ಲಿಯದೇ ಸಿಟಿಜನ್. ವ್ಯವಹಾರದಲ್ಲಿ ವೈರ್ ಫ್ರಾಡ್ (ಫೋನು, ಇಂಟರ್ನೆಟ್ ಮೂಲಕ ಮೋಸ) ಅಂತ ಫೆಡರಲ್ (ಕೇಂದ್ರ ಕಾನೂನಿನ) ಕೇಸಾಗಿ ಜೈಲು ಮುಗಿಸಿ ಬಂದಿದ್ದ. ಆಮೇಲೆ ಮೂರು ವರ್ಷ ಸೂಪರ್‌ವೈಸ್ಡ್ ರಿಲೀಸ್, ಅಂದರೆ ಹೊರಗಿದ್ದರೂ ಕೋರ್ಟಿನ ನಿಗಾ, ಇತ್ತು. ಅನುಮತಿ ಕೇಳದೆ ಸ್ನೇಹಿತರ ಗೃಹಪ್ರವೇಶಕ್ಕೆಂದು ಪೆನ್ಸಿಲ್ವೇನಿಯಾಕ್ಕೆ ಹೋಗಿಬಂದನಂತೆ, ಎರಡು ಸಲ ಆಫೀಸರ್ ಹತ್ತಿರ ಹಾಜರಿ ಹಾಕಲಿಲ್ಲವಂತೆ. ಕೋರ್ಟಿನಲ್ಲಿ ಒಪ್ಪಿಕೊಂಡ. ಲಾಯರ್ ಆರು ತಿಂಗಳು ಸಾಕು ಎಂದು ಕೇಳಿದರೂ ಜಡ್ಜು 14 ತಿಂಗಳು ಜೈಲು, ಆಮೇಲೆ ಮತ್ತೆ ಒಂದು ವರ್ಷ ನಿಗಾ ಎಂದರು. ‘ಅಷ್ಟು ಜನಕ್ಕೆ ಮೋಸ ಮಾಡಿದವನಿಗೆ ಮೊದಲು ಕೊಟ್ಟ ಶಿಕ್ಷೆ ಸಾಲದಾಗಿತ್ತು’ ಎಂದೂ ಅಂದರಂತೆ. ಜ್ಯೂರಿಯೂ ಇಲ್ಲ, ಏನೂ ಇಲ್ಲ. ಆರು ದಿನವಾಯಿತು. ಲಾಯರ್ ಅಪೀಲಿನಿಂದ ಪ್ರಯೋಜನವಿಲ್ಲ ಅನ್ನುತ್ತಾರೆ. ನಾನು, ಅಮ್ಮ ಇಲ್ಲಿಂದಲೇ ಕೋರ್ಟಿಗೆ ಅರ್ಜಿ ಬರೆಯಬಹುದಾ? ಇದು ನಮ್ಮ ಪೆರೋಲ್ ತರಹವೇನಾ?
– ಒಬ್ಬ ಅಕ್ಕ, ಹಾಸನ

ಉತ್ತರ: ಮೇಡಂ, ನಿಮ್ಮ ಮೇಲ್ ಬಂದ ದಿನವೇ ಎರಡು ಸಾಲು ಬರೆದು ಕಳಿಸಿದ್ದೆ. ಸಂಚಿಕೆ ಅಚ್ಚಾಗುವ ತನಕ ಕಾದಿದ್ದರೆ ಗಡುವೇ ಮುಗಿದುಹೋಗುತ್ತಿತ್ತು. ಇಂಥದೇ ಪರಿಸ್ಥಿತಿಯಲ್ಲಿರುವ ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಗಡುವು 14 ದಿನ. ತೀರ್ಪು ಕೋರ್ಟಿನ ದಾಖಲೆಗೆ ಏರಿದ ದಿನದಿಂದ ಲೆಕ್ಕ. ಅಷ್ಟರೊಳಗೆ ‘ಅಪೀಲು ಹೋಗುತ್ತೇನೆ’ ಅನ್ನುವ ನೋಟಿಸ್ ಕೊಡಬೇಕು, ಅದೂ ಶಿಕ್ಷೆ ಕೊಟ್ಟ ಜಿಲ್ಲಾ ಕೋರ್ಟಿಗೇ. ಒಂದು ಪುಟ ಸಾಕು. ಕಾರಣಗಳನ್ನೆಲ್ಲ ಆಮೇಲೆ ಬರೆಯಬಹುದು. ತಪ್ಪಿಹೋದರೆ ಸರಿಯಾದ ಕಾರಣ ತೋರಿಸಿ ಹೆಚ್ಚೆಂದರೆ ಇನ್ನು 30 ದಿನ ಕೇಳಬಹುದು, ಆದರೆ ಅದನ್ನು ನಂಬಿಕೊಂಡು ಸುಮ್ನೆ ಕೂರಬೇಡಿ. ಲಾಯರ್ ಅಭಿಪ್ರಾಯ ಏನೇ ಇರಲಿ, ತಮ್ಮ ಸ್ಪಷ್ಟವಾಗಿ ‘ಹಾಕಿ’ ಅಂದರೆ ಅವರು ನೋಟಿಸ್ ಹಾಕಬೇಕು. ಹಾಕದಿದ್ದರೆ ತಮ್ಮನೇ ಕೈಯಲ್ಲಿ ಬರೆದು ಗಡುವಿನೊಳಗೆ ಜೈಲಿನ ಅಂಚೆಗೆ ಕೊಟ್ಟರೂ ನಡೆಯುತ್ತದೆ, ಕೋರ್ಟಿಗೆ ಅದು ತಡವಾಗಿ ತಲುಪಿದರೂ ತೊಂದರೆಯಿಲ್ಲ. ಫೀಸಿಗೆ ದುಡ್ಡಿಲ್ಲದಿದ್ದರೆ ಕೋರ್ಟೇ ಲಾಯರನ್ನು ಕೊಡುತ್ತದೆ.

ಇನ್ನು ಪೆರೋಲ್ ವಿಚಾರ. ನಮ್ಮ ಕಡೆ ಪೆರೋಲ್ ಅಂದರೆ ಮಗಳ ಮದುವೆಗೋ ತಾಯಿಯ ಕಾಯಿಲೆಗೋ ಸಿಗುವ ನಾಲ್ಕು ದಿನದ ರಜೆ, ಅಲ್ವಾ? ಇದು ಹಾಗಲ್ಲ. ಅಮೆರಿಕದಲ್ಲಿ 1987ರ ನವೆಂಬರ್ 1ರ ನಂತರದ ಫೆಡರಲ್ ಅಪರಾಧಗಳಿಗೆ ಪೆರೋಲೇ ಇಲ್ಲ. ಜೈಲು ಮುಗಿದ ಮೇಲೆ ಇಷ್ಟು ವರ್ಷ ಪ್ರೊಬೇಷನ್ ಆಫೀಸರ್ ಕಣ್ಣಳತೆಯಲ್ಲಿ ಇರಬೇಕು ಅನ್ನುವುದು ಅದರ ಬದಲಿಗೆ ಬಂದ ವ್ಯವಸ್ಥೆ. ಅನುಮತಿ ಇಲ್ಲದೆ ಆ ಕೋರ್ಟಿನ ವ್ಯಾಪ್ತಿ ದಾಟುವಂತಿಲ್ಲ. ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾಕ್ಕೆ ಒಂದು ಸೇತುವೆ ದಾಟಿದರಾಯಿತು, ನಮಗದು ಪಕ್ಕದ ಊರು, ಕೋರ್ಟಿಗೆ ಷರತ್ತಿನ ಉಲ್ಲಂಘನೆ.

ಜ್ಯೂರಿ ಯಾಕಿಲ್ಲ ಅಂದರೆ, ಇದನ್ನು ಹೊಸ ಅಪರಾಧವೆಂದು ನೋಡುವುದಿಲ್ಲ. ಮರಳಿ ಜೈಲಿಗೆ ಹಾಕುವುದು ಮೊದಲ ಶಿಕ್ಷೆಯದೇ ಒಂದು ಭಾಗ ಅಂತ ಅಲ್ಲಿಯ ಸುಪ್ರೀಂ ಕೋರ್ಟ್ 2000ದ ಜಾನ್ಸನ್ ಕೇಸಿನಲ್ಲಿ ಹೇಳಿದೆ. ಹಾಗಾಗಿ ‘ಷರತ್ತು ಮುರಿದಿರುವ ಸಾಧ್ಯತೆಯೇ ಜಾಸ್ತಿ’ ಅಂತ ಜಡ್ಜಿಗೆ ಅನ್ನಿಸಿದರೆ ಸಾಕು. ನಿಮ್ಮ ತಮ್ಮ ಒಪ್ಪಿಕೊಂಡಿರುವುದರಿಂದ ‘ಷರತ್ತು ಮುರಿದೇ ಇಲ್ಲ’ ಅನ್ನುವ ದಾರಿ ಹೆಚ್ಚುಕಮ್ಮಿ ಮುಚ್ಚಿದೆ. ಶಿಕ್ಷೆಯ ಪ್ರಮಾಣದ ಮೇಲಿನ ಅಪೀಲು ಮಾತ್ರ ತೆರೆದೇ ಇದೆ.

ಈಗ ಆ 14 ತಿಂಗಳು. ಸಾಮಾನ್ಯ ವೈರ್ ಫ್ರಾಡ್‌ಗೆ ಹೀಗೆ ಮರಳಿ ಹಾಕುವಾಗ ಎರಡು ವರ್ಷದ ಮೇಲೆ ಕೊಡುವಂತಿಲ್ಲ. ಅದರೊಳಗೆ, ಇಂಥ ಸಣ್ಣ ಉಲ್ಲಂಘನೆಗೆ, ಹಿಂದೆ ಬೇರೆ ಕೇಸುಗಳಿಲ್ಲದಿದ್ದರೆ, ಅಲ್ಲಿಯ ಶಿಕ್ಷೆಯ ಮಾರ್ಗಸೂಚಿ ಹೇಳುವುದು 3ರಿಂದ 9 ತಿಂಗಳು. ಆದರೆ ಅದು ಬರೀ ಸಲಹೆ. ಜಡ್ಜು ದಾಟಬಹುದು, ಯಾಕೆ ದಾಟಿದೆ ಅಂತ ಹೇಳಬೇಕು. ಬಹುಶಃ ನಿಮ್ಮ ಲಾಯರ್ ಲೆಕ್ಕ ಹಾಕಿದ್ದು ಇದನ್ನೇ: ಎರಡು ವರ್ಷದೊಳಗಿದೆ, ಮೇಲಿನ ಕೋರ್ಟು ಕೈಹಾಕುವುದಿಲ್ಲ ಅಂತ. ಹೆಚ್ಚಿನ ಕೇಸುಗಳಲ್ಲಿ ಆ ಲೆಕ್ಕ ಸರಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ‘ಮೊದಲು ಕೊಟ್ಟ ಶಿಕ್ಷೆ ಸಾಲದಾಗಿತ್ತು’ ಅಂದರಲ್ಲ, ಅಲ್ಲಿ. 2025ರ ಜೂನ್‌ನಲ್ಲಿ ಎಸ್ಟೆರಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 7–2 ಬಹುಮತದಲ್ಲಿ ಒಂದು ಮಾತು ಹೇಳಿತು: ನಿಗಾ ರದ್ದು ಮಾಡಿ ಮರಳಿ ಜೈಲಿಗೆ ಹಾಕುವಾಗ ಮತ್ತೆ ತಪ್ಪು ಮಾಡದಂತೆ ತಡೆಯುವುದು, ಜನರ ಸುರಕ್ಷತೆ, ಹಳೆಯ ಅಪರಾಧ ಎಂಥದ್ದು, ಇದೆಲ್ಲ ನೋಡಬಹುದು, ಆದರೆ ಆ ಹಳೆಯ ಅಪರಾಧಕ್ಕೇ ಇನ್ನೊಂದು ಸಲ ಬಾರಿಸುವ ಹಾಗಿಲ್ಲ. ಜೈಲಲ್ಲಿದ್ದರೆ ಕುಡಿತ ಬಿಡಿಸಬಹುದು, ಕೌನ್ಸೆಲಿಂಗ್ ಸಿಗುತ್ತದೆ ಅಂತ ಶಿಕ್ಷೆ ಉದ್ದ ಮಾಡುವುದೂ ತಪ್ಪು, ಅದು 2011ರ ಟಾಪಿಯಾ ತೀರ್ಪು. ಹಾಗಾಗಿ ಮೊದಲು ಆ ದಿನದ ಕೋರ್ಟಿನ ಮಾತುಕತೆಯ ಪೂರ್ತಿ ಪ್ರತಿ ತರಿಸಬೇಕು. ಜಡ್ಜು ಆಡಿದ್ದು ನಿಖರವಾಗಿ ಯಾವ ಮಾತು? ಲಾಯರ್ ಆಗಲೇ ಎದ್ದುನಿಂತು ಆಕ್ಷೇಪಿಸಿದರಾ? ಇಡೀ ಅಪೀಲು ನಿಂತಿರುವುದು ಈ ಎರಡರ ಮೇಲೆ. ಆರು ತಿಂಗಳು ಕೇಳಿದ್ದರಿಂದ ‘ಶಿಕ್ಷೆ ಜಾಸ್ತಿಯಾಯಿತು’ ಅನ್ನುವ ವಾದ ಉಳಿದಿದೆ, 2020ರ ಒಂದು ತೀರ್ಪಿನಿಂದ ಅಷ್ಟು ಅನುಕೂಲವಾಗಿದೆ. ಆದರೆ ‘ತಪ್ಪು ಕಾರಣಕ್ಕೆ ಕೊಟ್ಟರು’ ಅನ್ನುವುದು ಬೇರೆಯೇ ವಾದ. ಆಗ ಬಾಯಿಬಿಟ್ಟಿರದಿದ್ದರೆ, ಜಡ್ಜು ಆ ಕಾರಣವನ್ನೇ ಹಿಡಿದರು ಅನ್ನುವುದು ಕಣ್ಣಿಗೆ ರಾಚುವಂತಿರಬೇಕು.

ಒಂದು ಕಹಿ ವಿಷಯವನ್ನೂ ಹೇಳಬೇಕು. ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತವಿದೆ, ಹಾಗಾಗಿ 14 ತಿಂಗಳು ಅಂದರೆ ಹತ್ತಿರ ಹತ್ತಿರ 12. ಅಪೀಲಿಗೂ ತಿಂಗಳುಗಟ್ಟಲೆ ಹಿಡಿಯುತ್ತದೆ. ತೀರ್ಪು ಬರುವ ಹೊತ್ತಿಗೆ ಆತ ಮನೆಗೇ ಬಂದಿರಬಹುದು, ಆಗ ‘ಇನ್ನು ಇದರಲ್ಲಿ ಏನಿದೆ’ ಅಂತ ಕೋರ್ಟು ಕೇಸು ಮುಚ್ಚಬಹುದು. ಆಮೇಲಿನ ಒಂದು ವರ್ಷದ ನಿಗಾ ಬಾಕಿಯಿದೆ ಅನ್ನುವುದು ಆಗ ಅಪೀಲು ಉಳಿಸಿಕೊಳ್ಳಲು ಆಧಾರವಾಗಬಹುದು. ಅದಕ್ಕೇ ನೋಟಿಸ್ ಹಾಕಿದ ಬೆನ್ನಿಗೇ ಬೇಗ ವಿಚಾರಣೆ ನಡೆಸಿ ಅಂತ ಕೇಳಿಸಿ. ಬೇಲ್ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ.

ನೀವು, ಅಮ್ಮ ಬರೆಯುವ ಅರ್ಜಿ ಫಿಲಡೆಲ್ಫಿಯಾದಲ್ಲಿರುವ ಮೇಲ್ಮನವಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಅವರು ಕೆಳಗಿನ ಕೋರ್ಟಿನ ದಾಖಲೆ ಬಿಟ್ಟು ಬೇರೇನೂ ಓದುವುದಿಲ್ಲ. ಆದರೂ ಅಮ್ಮನ ಕೈಲಿ ಪತ್ರ ಬರೆಸಿ ಇಟ್ಟುಕೊಳ್ಳಿ. ಗೆದ್ದರೆ ಕೇಸು ಸಾಮಾನ್ಯವಾಗಿ ಹೊಸ ಶಿಕ್ಷೆ ನಿರ್ಧರಿಸಲು ಅದೇ ಜಡ್ಜಿನ ಮುಂದೆ ವಾಪಸ್ ಹೋಗುತ್ತದೆ. ಸರಿಯಾದ ಕಾರಣ ಕೊಟ್ಟು ಅವರು ಅದೇ 14 ತಿಂಗಳು ಹಾಕಿದರೂ ಹಾಕಬಹುದು. ಲಾಯರ್ ಆ ಪತ್ರ ಕೊಡಬೇಕಾದದ್ದು ಆ ದಿನ.