ಮಾತ್ರೆಯ ತಪ್ಪೋ, ಹೇಳದವರ ತಪ್ಪೋ?

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: "ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ತಿದ್ದೆ. ಒಂದೂವರೆ ವರ್ಷದ ಹಿಂದೆ, ಕಾಫಿ ಕೊಯ್ಲಿನ ಹೊತ್ತಿಗೆ, ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಅವತ್ತು ಬೆಳಿಗ್ಗೆಯೂ ನರ್ಸ್ ಮಾತ್ರೆ ಕೊಟ್ಟಿದ್ದರು. ಮಾರನೇ ದಿನ ವಾಂತಿ, ಏದುಸಿರು. ಶುಗರ್ 170 ಇದೆ, ಬರೀ ಗ್ಯಾಸ್ಟ್ರಿಕ್ ಅಂದರು. ಕೊನೆಗೆ ಮೈಸೂರಿನಲ್ಲಿ ಆರು ದಿನ ಐಸಿಯು. ಅಮೆರಿಕದಲ್ಲಿ ಮಾತ್ರೆ ಕಂಪನಿಗಳು ಕೋಟಿಗಟ್ಟಲೆ ಕೊಡುತ್ತವಂತೆ. ನಮಗೇನಾದರೂ ದಾರಿ ಇದೆಯಾ?"

ದಾರಿ ಇದೆ ಅಮ್ಮಾ. ಆದರೆ ಅದು ಕಂಪನಿಯ ಬಾಗಿಲಿಗೆ ಹೋಗುವ ದಾರಿ ಅಂತ ನನಗನ್ನಿಸುವುದಿಲ್ಲ.

ಅಮೆರಿಕದ್ದು ಅಂತ ನೀವು ಕೇಳಿದ್ದು ಬಹುಶಃ ಪಯೋಗ್ಲಿಟಜೋನ್ ಎಂಬ ಇನ್ನೊಂದು ಶುಗರ್ ಮಾತ್ರೆಯ ಕಥೆ. ಮೂತ್ರಕೋಶದ ಕ್ಯಾನ್ಸರ್ ಅಪಾಯವನ್ನು ಮುಚ್ಚಿಟ್ಟರು ಎಂದು ಸಾವಿರಾರು ಮಂದಿ ಕೇಸು ಹಾಕಿದ್ದರು. 2015ರಲ್ಲಿ ಅದರ ತಯಾರಕ ಟಕೇಡಾ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ ಸುಮಾರು 240 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ನಮ್ಮಲ್ಲಿ 2013ರ ಜೂನ್‌ನಲ್ಲಿ ಅದೇ ಮಾತ್ರೆ ನಿಲ್ಲಿಸಿದರು. ಜುಲೈ ಕೊನೆಗೆ, ಎಚ್ಚರಿಕೆ ಅಚ್ಚು ಹಾಕಿ ಮಾರಿ ಎಂದು ಮತ್ತೆ ಬಿಟ್ಟರು. ಅಷ್ಟೇ.

ನಿಮ್ಮ ಮಾತ್ರೆಯ ಕೆಲಸ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವುದು. ಊಟ ಬಿಟ್ಟು ಆಪರೇಷನ್‌ಗೆ ಮಲಗಿದಾಗ ಇದರಿಂದ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ, ಜೀವಕ್ಕೇ ಅಪಾಯವಾಗಬಹುದು. ಶುಗರ್ ಮಾತ್ರ 170ರಲ್ಲೇ ನಿಂತಿರುತ್ತದೆ. ಗ್ಲುಕೋಮೀಟರ್ ನೋಡಿ ಸಮಾಧಾನಪಟ್ಟವರು ಎಡವುವುದು ಇಲ್ಲೇ. ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸಿ ಎಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲೇ ಲೇಬಲ್‌ಗೆ ಸೇರಿಸಿದ್ದಾರೆ. (ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ಬಿಡಬೇಡಿ, ಡಾಕ್ಟರನ್ನು ಕೇಳಿ.)

ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಂಡು ಮಾರನೇ ದಿನ ಮೂತ್ರ ಕೆಂಪಾದರೆ ಕೊಡಗಿನಲ್ಲಿ ಯಾರಾದರೂ ಹೆದರುತ್ತಾರಾ? ಮನೆಯ ಹಿರಿಯರು ಮೊದಲೇ ಹೇಳಿರುತ್ತಾರೆ. ಕಾನೂನು ಕೇಳುವುದೂ ಅದನ್ನೇ: ಗೊತ್ತಿದ್ದವರು ಹೇಳಿದರಾ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕರನ್ನೂ ಹೊಣೆ ಮಾಡಬಹುದು. ಆದರೆ ಡಾಕ್ಟರ ಚೀಟಿ ಮೇಲೆ ಮಾತ್ರ ಸಿಗುವ ಔಷಧದ ಬಗ್ಗೆ ಡಾಕ್ಟರಿಗೆ ಸರಿಯಾಗಿ ಎಚ್ಚರಿಕೆ ತಿಳಿಸಿದ್ದರೆ, ನಿಮಗೆ ಹೇಳಲಿಲ್ಲ ಎಂಬ ದೂರಿನಿಂದ ಕಂಪನಿ ತಪ್ಪಿಸಿಕೊಳ್ಳುತ್ತದೆ. ಮಾತ್ರೆ ನಿಲ್ಲಿಸದ, ಕೀಟೋನ್ ಪರೀಕ್ಷೆ ಮಾಡದ ಆಸ್ಪತ್ರೆಗೆ ಹಾಗೆ ಸುಲಭವಿಲ್ಲ. ಹಣ ಪಡೆದು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಪೊಲೀಸ್ ಕಂಪ್ಲೇಂಟ್ ಕೊಡಿ ಅಂತ ನೆಂಟರು ಹೇಳಬಹುದು. ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಿಲ್ಲಬೇಕಾದರೆ ತೀರಾ ದೊಡ್ಡ ನಿರ್ಲಕ್ಷ್ಯ ಇರಬೇಕು ಎಂದು 2005ರ ತೀರ್ಪಿದೆ. ಸುಮ್ನೆ ಅಲೆದಾಟ.

ಈಗ ಕೆಲಸದ ಮಾತು. ದೂರು ಕೊಡಲು ಎರಡು ವರ್ಷ ಗಡುವು. ಮುಂದಿನ ಕೊಯ್ಲಿನ ಹೊತ್ತಿಗೆ ಅದು ಮುಗಿಯುತ್ತದೆ. ಆಸ್ಪತ್ರೆ ಎಲ್ಲೇ ಇರಲಿ, ನೀವು ಇಲ್ಲಿರುವುದರಿಂದ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಚಿಕಿತ್ಸೆಗೆ ಕಟ್ಟಿದ್ದು 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಬೇಕೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ. ಫೋನ್ 15100.

ಅದಕ್ಕೂ ಮೊದಲು ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಫೈಲಿನ ನಕಲು ಕೇಳಿ. 72 ಗಂಟೆಯೊಳಗೆ ಕೊಡಬೇಕು. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು. ಯಾವ ಗಂಟೆಗೆ ಯಾವ ಮಾತ್ರೆ ಕೊಟ್ಟರು ಎಂದು ನರ್ಸ್ ಸಹಿ ಹಾಕಿದ ಚಾರ್ಟ್, ಅರಿವಳಿಕೆ ಡಾಕ್ಟರು ಆಪರೇಷನ್‌ಗೆ ಮುಂಚೆ ಬರೆದ ಹಾಳೆ, ಇವೆರಡು ಸಿಕ್ಕರೆ ಅರ್ಧ ಕೇಸು ಸಿಕ್ಕ ಹಾಗೆ. ಮೈಸೂರಿನ ಕೀಟೋನ್ ರಿಪೋರ್ಟ್ ಜೊತೆಗಿರಲಿ. ಬ್ಯಾಚ್ ನಂಬರ್ ಇರುವ ಖಾಲಿ ಸ್ಟ್ರಿಪ್ ಸಿಕ್ಕಿದರೆ ಎಸೆಯಬೇಡಿ. ಮೆಡಿಕಲ್ ಶಾಪಿನ ಬಿಲ್ಲು ತಾನಾಗಿ ಮಾಸುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ. ನಮ್ಮ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ಗೊತ್ತೇ ಇದೆ ಅಲ್ವಾ? ಎಲ್ಲ ಸ್ಟೀಲ್ ಡಬ್ಬಿಗೆ ಹಾಕಿಡಿ.

ಕೋಟಿಯ ಆಸೆ ಬೇಡ. ಐಸಿಯು ಖರ್ಚು, ನಿಂತುಹೋದ ದುಡಿಮೆ, ಪಟ್ಟ ಪಾಡು, ಇವಕ್ಕೆ ಲೆಕ್ಕ ಹಾಕಿ ಕೇಳಿ. ಇನ್ನೊಂದು, 1800-180-3024ಕ್ಕೆ ಫೋನ್ ಮಾಡಿ ನಿಮಗಾದದ್ದನ್ನು ದಾಖಲಿಸಿ. ಔಷಧಗಳ ಅಡ್ಡ ಪರಿಣಾಮ ಬರೆದುಕೊಳ್ಳುವ ಸರ್ಕಾರಿ ವ್ಯವಸ್ಥೆ ಅದು. ಅಲ್ಲಿಂದ ದುಡ್ಡು ಬರುವುದಿಲ್ಲ, ಆದರೂ ಮಾಡಿ.