ಕೈ ಎತ್ತಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ

ನಮಸ್ಕಾರ ರೀ. ಗಣೇಶೋತ್ಸವಕ್ಕೆ ಮನೆಗೆ 2,000 ರೂಪಾಯಿ ಪಟ್ಟಿ ಅಂದಾಗ ಓಣಿಯವರೆಲ್ಲ ಕೈ ಎತ್ತಿದರು, ಮನಸ್ಸಿಲ್ಲದಿದ್ದರೂ ನಾನೂ ಎತ್ತಿದೆ, ನಾನು ಅಷ್ಟು ಪುಕ್ಕಲನಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲಮನ್ ಆಶ್ ಎಂಬ ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ಒಂದು ಗೆರೆ ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅಷ್ಟೇ ಉದ್ದದ್ದು ಯಾವುದು ಅಂತ ಕೇಳುತ್ತಿದ್ದರು. ಮಕ್ಕಳೂ ಹೇಳುವಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ, ಮೊದಲೇ ಹೇಳಿಕೊಟ್ಟಂತೆ, ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಸರಿ ಉತ್ತರ ಕಣ್ಣೆದುರೇ ಇದ್ದರೂ, ಈ ಒಳಗುಟ್ಟು ಗೊತ್ತಿಲ್ಲದೆ ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪಿಗೆ ಹೂಂಗುಟ್ಟಿದರು. ನನಗೆ ಜಾಸ್ತಿ ಹಿಡಿಸಿದ್ದು ಮುಂದಿನದು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಹೀಗೆ ವಾಲುವುದು ಬಹಳ ಕಡಿಮೆಯಾಯಿತು. ಉತ್ತರ ಬರೆದು ಕೊಡಿ ಅಂದಾಗಲೂ ಅಷ್ಟೇ.

ಕಲಬುರಗಿಯ ನಮ್ಮ ಮಹಿಳಾ ಸಂಘದಲ್ಲೂ ಇದೇ ಕಥೆ. ಖಡಕ್ ರೊಟ್ಟಿಯ ದರ ಏರಿಸುವ ಮಾತು ಬಂದಾಗ ಹಿರಿಯ ಅಕ್ಕ "ಬ್ಯಾಡ" ಅಂದರೆ ಮುಗೀತು, ಎಲ್ಲರೂ ತಲೆ ಆಡಿಸುತ್ತಿದ್ದೆವು. ಒಮ್ಮೆ ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿದೆವು. 14ರಲ್ಲಿ 9 ಚೀಟಿ "ಏರಿಸಿ" ಅಂತಿದ್ದವು! ಅಕ್ಕನೂ ಬೇಜಾರಾಗಲಿಲ್ಲ.

ಮುಂದಿನ ಸಭೆಗೆ ಮುಂಚೆ ಪಕ್ಕದ ಮನೆಯವರ ಹತ್ತಿರ ಸುಮ್ನೆ ಮಾತಾಡಿ ನೋಡಿ. ಅವರಿಗೂ ಹಾಗೇ ಅನಿಸಿರಬಹುದು, ಅಲ್ವಾ? ಇಬ್ಬರಾದರೆ ಬಾಯಿ ಬಿಡುವುದು ಸುಲಭ. ಆಮೇಲೆ ಕೈ ಎತ್ತುವ ಬದಲು ಚೀಟಿ ಹಾಕೋಣ ಅಂತ ಕೇಳಿ.