ಸೆಲ್ ಮೇಲೆ ಏನು ಸುರಿಯಬೇಕು?

ಪ್ರಶ್ನೆ: 36 ಸೆಲ್ ಜೋಡಿಸಿ ಮನೆಯಲ್ಲೇ ಸೋಲಾರ್ ಪ್ಯಾನೆಲ್ ಮಾಡುತ್ತಿದ್ದೇನೆ. ಸೆಲ್ ಮುಚ್ಚಿ ಕಾಪಾಡಲು ಎಪಾಕ್ಸಿ ಅಂಟೋ, ಸಿಲಿಕೋನೋ, ಇವಿಎ (ಬಿಸಿಗೆ ಅಂಟುವ ಪ್ಲಾಸ್ಟಿಕ್) ಹಾಳೆಯೋ?
– ಓದುಗರು, ಚಳ್ಳಕೆರೆ

ಉತ್ತರ: ಎಪಾಕ್ಸಿ ಬೇಡ. ನಿಮ್ಮ ಕಡೆಯ ಬಿಸಿಲಿಗೆ ಹಳದಿಯಾಗುತ್ತದೆ. ಬಿಗಿಯಾಗಿರುವುದರಿಂದ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಸೆಲ್ ಸೀಳಬಹುದು. ಕಂಪನಿ ಪ್ಯಾನೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ಇವಿಎ. ಆದರೆ ಅದಕ್ಕೆ ಸುಮಾರು 150 ಡಿಗ್ರಿ ಶಾಖದ ಜೊತೆ ಗಾಳಿ ಎಳೆಯುವ ವ್ಯಾಕ್ಯೂಮ್ ಬೇಕು. ಹೀಟ್ ಗನ್ ಹಿಡಿದರೆ ಅಂಟಿದಂತೆ ಕಾಣುತ್ತದೆ, ಸರಿಯಾಗಿ ಬೆಸೆದಿರುವುದಿಲ್ಲ. ಆಮೇಲೆ ಗಾಜು ಬಿಡುತ್ತದೆ.

ದುಬಾರಿಯಾದರೂ ಎರಡು ಭಾಗದ ಪಾರದರ್ಶಕ ಸಿಲಿಕೋನೇ ಸರಿ. ಸಿಲ್ಗಾರ್ಡ್ 184 ಎಂಬ ಸಿಲಿಕೋನ್ ಆದರೆ ತೂಕದಲ್ಲಿ ಮೂಲ ಭಾಗ 10ಕ್ಕೆ ಗಟ್ಟಿಮಾಡುವ ಭಾಗ 1. ಕಣ್ಣಳತೆ ಸಾಲದು, ತಕ್ಕಡಿ ಇಡಿ. ಒಂದು ಚದರ ಮೀಟರಿಗೆ 1 ಮಿ.ಮೀ. ದಪ್ಪಕ್ಕೆ 1 ಲೀಟರ್ ಬೇಕು. ಬೆಸುಗೆ ಹಿಡಿಯಲು ಹಚ್ಚಿದ ಫ್ಲಕ್ಸ್ ಸೆಲ್ ಮೇಲೆ ಉಳಿದಿದ್ದರೆ ಅಲ್ಲಿ ಸಿಲಿಕೋನ್ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯಬಹುದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕಲಸಿದ ಮೇಲೆ ಗುಳ್ಳೆ ಏರಿ ಒಡೆಯುವವರೆಗೆ ಬಿಟ್ಟು, ಒಂದು ಅಂಚಿನಿಂದ ನಿಧಾನ ಸುರಿಯಿರಿ. 25 ಡಿಗ್ರಿಯಲ್ಲಿ ಕನಿಷ್ಠ 48 ಗಂಟೆ ಮುಟ್ಟಬೇಡಿ.

ಹಾರ್ಡ್‌ವೇರ್ ಅಂಗಡಿಯ ವಿನೆಗರ್ ವಾಸನೆಯ ಸಿಲಿಕೋನ್ ಸೆಲ್ ಹತ್ತಿರ ತರಲೇಬೇಡಿ, ಅದರ ಆಮ್ಲ ತಾಮ್ರದ ಪಟ್ಟಿಯನ್ನು ತಿನ್ನುತ್ತದೆ. ಸುರಿಯುವ ಮೊದಲು ಬಿಸಿಲಲ್ಲಿ ಮೀಟರ್ ಹಿಡಿಯಿರಿ: ಸರಣಿಯಲ್ಲಿರುವ 36 ಸೆಲ್‌ಗೆ 20 ವೋಲ್ಟ್ ಆಸುಪಾಸು ಬರಬೇಕು. ಆಮೇಲೆ ಬೆಸುಗೆ ತಿದ್ದುವುದು ಕಷ್ಟ.